ಹನ್ನೆರಡರ ತಂತಿ

ನಮ್ಮ ಭಾವನಿಗೆ ಬ್ಯಾಂಡಿನಲ್ಲಿ ಎಲ್ಲರೂ ಇಟ್ಟಿದ್ದ ಹೆಸರು ‘ಹನ್ನೆರಡು’. “ಹನ್ನೆರಡು ಬಂದ್ರಾ?”, “ಹನ್ನೆರಡಕ್ಕೆ ಟೀ ಕೊಟ್ರಾ?” ಎಂದೇ ಕೇಳುತ್ತಿದ್ದರು. ಎದುರಿಗೆ ಕರೆದರೂ ಭಾವ ಬೇಸರಪಟ್ಟುಕೊಂಡವರಲ್ಲ. ಒಳಗೊಳಗೇ ಅವರಿಗೆ ಖುಷಿಯಾಗುತ್ತಿತ್ತು ಎಂದು ನನ್ನ ಅನುಮಾನ. ಬ್ಯಾಂಡಿಗೆ ಹೊಸದಾಗಿ ಬಂದವರಿಗೆ ಮಾತ್ರ ಇದರ ತಲೆಬುಡ ಅರ್ಥವಾಗುತ್ತಿರಲಿಲ್ಲ, ಅವರಿಗೆ ನಾನೇ ಬಿಡಿಸಿ ಹೇಳಬೇಕಾಗುತ್ತಿತ್ತು.

ಎಲೆಕ್ಟ್ರಿಕ್ ಗಿಟಾರಿಗೆ ಆರು ತಂತಿ. ಅಂಗಡಿಯಲ್ಲಿ ತಂತಿಯ ಸೆಟ್ ಕೇಳುವಾಗ ಆರರಲ್ಲಿ ಎಲ್ಲಕ್ಕಿಂತ ತೆಳ್ಳಗಿರುವ ತಂತಿಯ ದಪ್ಪವನ್ನು ಹೇಳುತ್ತಾರೆ. ಒಂಬತ್ತು ಕೊಡಿ, ಹತ್ತು ಕೊಡಿ, ಹೀಗೆ. ಇಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂಬತ್ತು ಭಾಗ, ಹತ್ತು ಭಾಗ ಎಂದು ಲೆಕ್ಕ. ಒಂಬತ್ತಕ್ಕೂ ಹತ್ತಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದಲ್ಲ, ಆದರೆ ನುಡಿಸುವವನ ಬೆರಳಿಗೆ ಮುಟ್ಟಿದ ತಕ್ಷಣ ಗೊತ್ತಾಗುತ್ತದೆ. ತಂತಿ ತೆಳ್ಳಗಿದ್ದರೆ ಬೆರಳಿಗೆ ಆರಾಮ, ದನಿ ಮಾತ್ರ ಕೊಂಚ ಸಣ್ಣ. ದಪ್ಪಗಿದ್ದರೆ ದನಿ ತುಂಬಿಕೊಂಡು ಬರುತ್ತದೆ, ಕೈ ಸೋತುಹೋಗುತ್ತದೆ. ಬುದ್ಧಿ ಇದ್ದವರು ಒಂಬತ್ತೋ ಹತ್ತೋ ಹಾಕಿಕೊಂಡು ಸುಖವಾಗಿರುತ್ತಾರೆ. ನಮ್ಮ ಭಾವ ಹನ್ನೆರಡು ಹಾಕಿಸಿಕೊಳ್ಳುತ್ತಿದ್ದರು.

ಮೊದಲಿನಿಂದ ಹಾಗಿರಲಿಲ್ಲ. ಅಕ್ಕನನ್ನು ಮದುವೆಯಾದಾಗ ಅವರೂ ಎಲ್ಲರ ಹಾಗೆ ಹತ್ತು ಹಾಕುವವರೇ. ನಡುವಯಸ್ಸು ದಾಟಿದ ಮೇಲೆ ಹನ್ನೊಂದಾಯಿತು, ಅದು ಸಾಲದೆಂದು ಹನ್ನೆರಡಾಯಿತು. ವಯಸ್ಸಾದಂತೆ ಜನ ಭಾರ ಇಳಿಸಿಕೊಳ್ಳುತ್ತಾರೆ, ಇವರು ಏರಿಸಿಕೊಳ್ಳುತ್ತಿದ್ದಾರಲ್ಲ ಎಂದು ನನಗೆ ನಗು. “ಭಾವ, ಮುಂದಿನ ಸಲ ಲಿಫ್ಟಿನ ಹಗ್ಗಾನೇ ಹಾಕಿಸಿಬಿಡಿ” ಎನ್ನುತ್ತಿದ್ದೆ. “ನೀನು ನುಡಿಸೋದು ಇನ್ನೇನೋ?” ಎಂದು ಅವರು ನನ್ನ ಬೇಸ್ ಗಿಟಾರಿನ ದಪ್ಪ ದಪ್ಪ ತಂತಿಗಳ ಕಡೆ ಕಣ್ಣು ಹಾಯಿಸಿ ನನ್ನ ಬಾಯಿ ಮುಚ್ಚಿಸುತ್ತಿದ್ದರು. ಬ್ಯಾಂಡಿನವರು ಅದನ್ನು ಜಂಬ ಎಂದರು. ಹಾಡುವಾಕೆ ಅದನ್ನು ತಪಸ್ಸು ಎಂದಳು. ಸಂಗೀತದ ಸುದ್ದಿಗೆ ತಪಸ್ಸನ್ನು ಎಳೆದು ತರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದು ಜಂಬವೂ ಆಗಿರಲಿಲ್ಲ, ತಪಸ್ಸೂ ಆಗಿರಲಿಲ್ಲ. ಏನಾಗಿತ್ತು ಎಂದು ಕೇಳುವ ಬುದ್ಧಿ ನಮ್ಮಲ್ಲಿ ಒಬ್ಬರಿಗೂ ಬರಲಿಲ್ಲ.

ಗಿಟಾರ್ ಭಾವನ ಸಂಜೆಯ ಬದುಕು. ಹಗಲಿನ ಬದುಕು ಕಲ್ಲಿನದು. ಅಡುಗೆಕಟ್ಟೆಗೆ, ಮೆಟ್ಟಿಲಿಗೆ ಹಾಸುವ ಕಲ್ಲುಗಳನ್ನು ಕೊಯ್ದು ಹೊಳಪು ಕೊಡುವ ಕಾರ್ಖಾನೆಯಲ್ಲಿ ಅವರು ಅಂಚು ನಯ ಮಾಡುವವರು. ತಿರುಗುವ ಮೆಷಿನ್ನನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಕೆಳಗೆ ನೀರು ಹರಿಯುತ್ತಿರುವಾಗ, ಕಲ್ಲಿನ ಚೂಪು ಅಂಚನ್ನು ಮಗುವಿನ ಕೆನ್ನೆಯಷ್ಟು ನುಣ್ಣಗೆ ಮಾಡಬೇಕು. ಮೆಷಿನ್ ಗಡಗಡ ನಡುಗುತ್ತದೆ, ಅದರ ಜೊತೆ ಕೈ, ತೋಳು, ಹಲ್ಲು ಎಲ್ಲ ನಡುಗುತ್ತವೆ. ಸಾಯಂಕಾಲ ಮನೆಗೆ ಬಂದಾಗ ಅವರ ಕಿವಿಯ ಹಿಂದೆ, ಹುಬ್ಬಿನಲ್ಲಿ, ಅಂಗಿಯ ತೋಳಿನ ಮಡಿಕೆಯಲ್ಲಿ ಬೂದುಬಣ್ಣದ ಕಲ್ಲಿನ ಹಿಟ್ಟು ಕೂತಿರುತ್ತಿತ್ತು. “ಮೆಷಿನ್ ಆಫ್ ಮಾಡಿದ್ರೂ ಕೈಯೊಳಗೆ ಅದು ಓಡ್ತಾನೇ ಇರುತ್ತೆ” ಎಂದು ನಗುತ್ತಾ ಹೇಳುತ್ತಿದ್ದರು. ನಾವೂ ನಗುತ್ತಿದ್ದೆವು. ಚಳಿಗಾಲದ ಬೆಳಗ್ಗೆ ಅವರ ಬೆರಳುಗಳು ಮೇಣದಬತ್ತಿಯ ಹಾಗೆ ಬಿಳುಚಿಕೊಳ್ಳುತ್ತಿದ್ದವು. ಟೀ ಲೋಟ ಹಿಡಿದು ಕೂತರೆ ಸ್ವಲ್ಪ ಹೊತ್ತಿಗೆ ಬಣ್ಣ ಬರುತ್ತಿತ್ತು, ನಾವು ಆ ಮಾತನ್ನು ಅಲ್ಲಿಗೇ ಬಿಡುತ್ತಿದ್ದೆವು.

ಆ ಮನೆಯಲ್ಲಿ ಒಂದು ವಿಚಿತ್ರ ರೂಢಿ ಇತ್ತು. ಗಿಟಾರ್ ನುಡಿಸುವವರು ಭಾವ, ಅದಕ್ಕೆ ತಂತಿ ಹಾಕುವವಳು ಅಕ್ಕ. ಮದುವೆಯಾದ ಹೊಸದರಲ್ಲಿ ಭಾವ ತಂತಿ ಬದಲಾಯಿಸುತ್ತಾ ಸಹನೆ ಕಳೆದುಕೊಂಡು ಒಂದು ಬಿರಡೆಯನ್ನೇ ಮುರಿದಿದ್ದರಂತೆ. ಅಕ್ಕ ಅವರ ಕೈಯಿಂದ ಇಕ್ಕಳ ಕಿತ್ತುಕೊಂಡಳು, ಮತ್ತೆ ವಾಪಸ್ ಕೊಡಲೇ ಇಲ್ಲ. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವಳು, ಸಾಸಿವೆ ಕಾಳಿನಷ್ಟು ತಿರುಪಿನ ಜೊತೆ ದಿನವಿಡೀ ಏಗುವವಳು. ಸೈಕಲ್ ಅಂಗಡಿಯ ಮೇಲಿದ್ದ ಅವರ ಎರಡು ಕೋಣೆಯ ಮನೆಯಲ್ಲಿ, ಕಿಟಕಿಯ ಪಕ್ಕದ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ, ಗಿಟಾರನ್ನು ಮಲಗಿಸಿ, ತಂತಿ ಸುತ್ತಿ, ಶ್ರುತಿ ಕೂಡಿಸಿ ಅವರ ಕೈಗೆ ಕೊಡುವಳು. ಅವರು ಒಂದು ಸಲ ಬಾರಿಸಿ “ಹೂಂ” ಎನ್ನುವರು. ಆ ಹೂಂ ಕೇಳಿದ ಮೇಲೇ ಅವಳು ಟವೆಲ್ ಮಡಚುತ್ತಿದ್ದಳು.

ಹನ್ನೆರಡು ಬಂದ ಮೇಲೆ ಭಾವ ನುಡಿಸಿ ಮುಗಿಸಿದ ತಕ್ಷಣ ಎಡಗೈಯನ್ನು ಝಾಡಿಸುವುದು, ಕಂಕುಳಲ್ಲಿ ಇಟ್ಟುಕೊಳ್ಳುವುದು ಶುರುವಾಯಿತು. ಅಕ್ಕ ಅದನ್ನು ನೋವು ಎಂದುಕೊಂಡಳು. “ಡಾಕ್ಟರ ಹತ್ರ ಹೋಗೋಣ ರೀ” ಎಂದರೆ “ಏನಾಗಿದೆ ನನಗೆ?”. “ಹಾಳು ತಂತಿನಾದ್ರೂ ತೆಳ್ಳಗೆ ಹಾಕ್ಕೊಳ್ಳಿ” ಎಂದರೆ ಎರಡು ದಿನ ಮುಖ ಊದಿಸಿಕೊಂಡಿರುತ್ತಿದ್ದರು. ಹೇಳಿ ಹೇಳಿ ಅವಳ ಬಾಯಿ ಬತ್ತಿತು. ಕೊನೆಗೆ ಅವಳು ಭಾವನಿಗೆ ತಿಳಿಯದ ಹಾಗೆ ಗಿಟಾರ್ ರಿಪೇರಿಯವರ ಹತ್ತಿರ ಹೋದಳು. ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ.

ರಿಪೇರಿಯವರು ಗೊಣಗುವ ಸ್ವಭಾವದ ಮುದುಕರು. ಹನ್ನೆರಡರಿಂದ ಒಂದೇ ಏಟಿಗೆ ಒಂಬತ್ತಕ್ಕೆ ಇಳಿಯಬಾರದು, ಕೈ ತಬ್ಬಿಬ್ಬಾಗುತ್ತದೆ, ಒಂದೊಂದೇ ಮೆಟ್ಟಿಲು ಇಳಿಸಬೇಕು ಎಂದರು. ಗಿಟಾರಿನ ಕತ್ತಿನೊಳಗೆ ಒಂದು ಉಕ್ಕಿನ ಸರಳಿರುತ್ತದೆ, ತಂತಿಗಳ ಎಳೆತಕ್ಕೆ ಕತ್ತು ಬಾಗದಂತೆ ತಡೆಯುವುದು ಅದೇ. ತಂತಿ ತೆಳುವಾದಾಗಲೆಲ್ಲ ಆ ಸರಳನ್ನು ಕೊಂಚ ಸಡಿಲಿಸಬೇಕೆಂದು ತೋರಿಸಿಕೊಟ್ಟರು. ಅಕ್ಕ ಹೊರಟಾಗ, “ಅಮ್ಮಾ, ಅವರಿಗೆ ಹೇಳಿ ಮಾಡಿ” ಎಂದರಂತೆ.

“ಹೇಳಿದ್ರೆ ಮುಗೀತು ಕಥೆ. ಕೈಗೆ ಸಿಕ್ಕಿದ ಮೇಲೆ ಅವರಿಗೇ ಗೊತ್ತಾಗುತ್ತಲ್ಲ, ಆಗ ಜಗಳ ಆಡ್ತೀನಿ” ಎಂದಳಂತೆ ಅಕ್ಕ.

ಜಗಳಕ್ಕೆ ಸಜ್ಜಾಗಿಯೇ ಅವಳು ಹನ್ನೊಂದು ಹಾಕಿದಳು. ಭಾವ ಬಾರಿಸಿ “ಹೂಂ” ಎಂದರು. ಅವಳಿಗೆ ನಂಬಲಾಗಲಿಲ್ಲ. ಮುಂದಿನ ಸಲ ತಂತಿ ಬದಲಾಯಿಸುವಾಗ ಹತ್ತು ಹಾಕಿದಳು. “ಹೂಂ” ಎಂದರು. ಗಂಡನಿಗೆ ಗೊತ್ತಾಗಿದೆ, ಕೈಗೆ ಹಿತವಾಗಿದೆ, ಸೋತೆ ಎಂದು ಒಪ್ಪಿಕೊಳ್ಳಲು ಮಾನ ಅಡ್ಡ ಬರುತ್ತಿದೆ, ಅಷ್ಟೇ ಎಂದು ಅವಳು ತಿಳಿದಳು. ಗೆದ್ದ ಸುಖದಲ್ಲಿ ಒಂಬತ್ತನ್ನೂ ಹಾಕಿಬಿಟ್ಟಳು. ಅವರು ಅದಕ್ಕೂ ಹೂಂ ಎಂದರು. ಆ ದಿನಗಳಲ್ಲಿ ಅಕ್ಕ ತನ್ನಷ್ಟಕ್ಕೆ ತಾನೇ ನಗುತ್ತಾ ಓಡಾಡುತ್ತಿದ್ದುದು ನನಗೆ ಈಗಲೂ ನೆನಪಿದೆ, ಏನು ವಿಶೇಷ ಎಂದು ಕೇಳಿದರೆ ಏನಿಲ್ಲ ಎನ್ನುತ್ತಿದ್ದಳು.

ಇತ್ತ ಬ್ಯಾಂಡಿನಲ್ಲಿ ಭಾವನ ಗಿಟಾರ್ ಕೆಡತೊಡಗಿತ್ತು. ನಾವು ನುಡಿಸುತ್ತಿದ್ದುದು ಒಂದು ಹೋಟೆಲಿನ ಊಟದ ಹಾಲಿನಲ್ಲಿ, ವಾರದ ಕೊನೆಯ ಸಂಜೆಗಳಂದು. ಜನ ತಿನ್ನುತ್ತಿರುತ್ತಾರೆ, ಚಮಚಗಳ ಸದ್ದಿನ ಮಧ್ಯೆ ನಾವು ನುಡಿಸುತ್ತಿರುತ್ತೇವೆ. ಕೇಳುವವರು ಕಡಿಮೆ. ಆದರೆ ಕೊನೆಯ ಹಾಡಿಗೆ ಕೇಳುವವರಿದ್ದರು. ಅದರ ನಡುವೆ ಉಳಿದವರೆಲ್ಲ ಕೈ ನಿಲ್ಲಿಸಿ ಗಿಟಾರೊಂದೇ ನುಡಿಯುವ ಜಾಗವಿದೆ. ಅಲ್ಲಿ ಭಾವ ಒಂದು ತಂತಿಯನ್ನು ಒತ್ತಿ ಹಿಡಿದು ಮೆಲ್ಲಗೆ ಮೇಲಕ್ಕೆ ತಳ್ಳುತ್ತಿದ್ದರು. ದನಿ ಒಂದು ಸ್ವರದಿಂದ ಇನ್ನೊಂದಕ್ಕೆ ಏರಿ, ಅಲ್ಲೇ ತುಸು ನಡುಗಿ, ನಿಲ್ಲುತ್ತಿತ್ತು. ಆಗ ಚಮಚಗಳು ಸುಮ್ಮನಾಗುತ್ತಿದ್ದವು. ಎಷ್ಟು ಸಲ ಪಕ್ಕದಲ್ಲಿ ನಿಂತು ಕೇಳಿದ್ದೇನೋ, ಪ್ರತಿ ಸಲವೂ ನನ್ನ ಕುತ್ತಿಗೆಯ ಹಿಂದೆ ಜುಮ್ಮೆನ್ನುತ್ತಿತ್ತು.

ಈಗ ಆ ಸ್ವರ ಹೋಗಬೇಕಾದ ಜಾಗ ದಾಟಿ ಎಲ್ಲೋ ಹೋಗಿ ನಿಲ್ಲುತ್ತಿತ್ತು. ಬರೀ ಅದೊಂದೇ ಅಲ್ಲ, ಅವರು ಒತ್ತಿದ್ದೆಲ್ಲ ಶ್ರುತಿಗಿಂತ ಕೂದಲೆಳೆಯಷ್ಟು ಮೇಲಕ್ಕೇ ಕೇಳುತ್ತಿತ್ತು. ತೆಳು ತಂತಿಯನ್ನು ದಪ್ಪ ತಂತಿಯ ಬಲ ಹಾಕಿ ಒತ್ತಿದರೆ ಹಾಗೇ ಆಗುವುದು. ಹಾಡುವಾಕೆ ತಿರುಗಿ ತಿರುಗಿ ನೋಡತೊಡಗಿದಳು. ದನಿಯೂ ಸೊರಗಿತ್ತು. ನಾನು ಆಂಪ್ಲಿಫೈಯರ್ ಹಳೆಯದಾಯಿತು ಎಂದೆ. ಭಾವ ಅದರ ಗುಬುಟುಗಳನ್ನೆಲ್ಲ ತಿರುವಿದರು, ವೈರು ಬದಲಾಯಿಸಿದರು, ಕೊನೆಗೆ ಮೂಲೆಯ ಕುರ್ಚಿಯಲ್ಲಿ ಕೂತು ತಮ್ಮ ಎಡಗೈಯನ್ನೇ ನೋಡುತ್ತಿದ್ದರು. ಹೋಟೆಲಿನ ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದು, “ಗಿಟಾರ್ ಸರಿಯಾಗಿಲ್ಲ ಅಂತ ಜನ ಅಂತಿದ್ದಾರೆ. ಈ ಶನಿವಾರ ಮಾಲೀಕರು ಬಂದು ಕೂತು ಕೇಳ್ತಾರೆ. ಅವರಿಗೂ ಹಿಡಿಸಲಿಲ್ಲ ಅಂದ್ರೆ ಗಿಟಾರ್ ಬೇಡ, ಕೀಬೋರ್ಡಿನಲ್ಲೇ ಗಿಟಾರಿನ ಸೌಂಡ್ ಬರುತ್ತಲ್ಲ, ಸಾಕು” ಎಂದ. ನಾನು ಅದನ್ನು ಭಾವನಿಗೆ ಹೇಳಲೇಬೇಕಾಯಿತು. ಹಗಲೆಲ್ಲ ಕಲ್ಲಿನ ಹಿಟ್ಟು ಕುಡಿಯುವ ಮನುಷ್ಯನಿಗೆ ತಾನು ಕಲ್ಲಿನವನಷ್ಟೇ ಅಲ್ಲ ಎನ್ನಲು ಇದ್ದದ್ದು ಆ ಹಾಲ್ ಒಂದೇ.

ಶನಿವಾರಕ್ಕೆ ಮುಂಚಿನ ಒಂದು ಸಂಜೆ ನಾನು ಅವರ ಮನೆಯಲ್ಲಿದ್ದೆ. ಅಕ್ಕ ಮೇಜಿನ ಮೇಲೆ ಟವೆಲ್ ಹಾಸಿ, ಹೊಸ ಒಂಬತ್ತರ ಸೆಟ್ಟನ್ನು ಪೊಟ್ಟಣದಿಂದ ಬಿಚ್ಚಿಟ್ಟುಕೊಂಡು, ಹಳೆಯದನ್ನು ಸಡಿಲಿಸಲು ಕೈ ಹಾಕಿದ್ದಳು. ಭಾವ ಸ್ನಾನ ಮುಗಿಸಿ ತಲೆ ಒರೆಸುತ್ತಾ ಬಂದರು.

“ಕೇಳೇ, ಹನ್ನೆರಡು ಸಾಲ್ತಾ ಇಲ್ಲ. ಹದಿಮೂರರ ಸೆಟ್ ತಂದಿದೀನಿ, ಈ ಸಲ ಅದನ್ನ ಹಾಕು” ಎಂದರು.

ಅಕ್ಕನ ಇಕ್ಕಳ ಅಲ್ಲೇ ನಿಂತಿತು. “ಏನು ಸಾಲ್ತಾ ಇಲ್ಲ?” ಎಂದಳು.

“ಹನ್ನೆರಡು ಕಣೇ. ಈಗ ಇರೋದು.”

ಅವಳು ಗಿಟಾರನ್ನು ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು. ಅವರು ತಮಾಷೆ ಮಾಡುತ್ತಿದ್ದಾರಾ, ತನ್ನ ಗುಟ್ಟು ಹಿಡಿದು ಆಟವಾಡಿಸುತ್ತಿದ್ದಾರಾ ಎಂದು ಹುಡುಕಿದಳು. ಅಂಥದ್ದೇನೂ ಆ ಮುಖದಲ್ಲಿ ಇರಲಿಲ್ಲ. ಅವಳ ಆ ನೋಟದ ಕಾರಣ ನನಗೆ ತಿಳಿಯಲಿಲ್ಲ.

“ಇಲ್ಲಿ ಬನ್ನಿ, ಕೂತ್ಕೊಳ್ಳಿ. ಕಣ್ಣು ಮುಚ್ಚಿ” ಎಂದಳು.

“ಏನೇ ಇದು ಮಕ್ಕಳಾಟ?”

“ಮುಚ್ಚಿ ರೀ.”

ಭಾವ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ, ಕೂತು, ಕಣ್ಣು ಮುಚ್ಚಿದರು. ಅಕ್ಕ ಒಂಬತ್ತರ ತಂತಿಯ ತುದಿಯನ್ನು ಅವರ ಎಡಗೈಯ ಹೆಬ್ಬೆರಳು ತೋರುಬೆರಳ ನಡುವೆ ಇಟ್ಟಳು. “ಇದೆಷ್ಟು?”

ಅವರು ಬೆರಳು ಉಜ್ಜಿದರು. “ಹನ್ನೆರಡು.”

ಹದಿಮೂರರದನ್ನು ಇಟ್ಟಳು. “ಇದು?”

“ಇದೂ ಅದೇ ಅಲ್ವಾ?” ಎಂದವರು ತಡೆದು, “ಬಲಗೈಗೆ ಕೊಡು” ಎಂದರು.

ಅಕ್ಕ ಮತ್ತೊಂದು ಎತ್ತಿಕೊಂಡಳು. ಅವರ ಬಲಗೈಗೆ ತಾಗುವ ಮುಂಚೆಯೇ ತಂತಿ ಅವಳ ಬೆರಳಿಂದ ಜಾರಿ, ಸದ್ದಿಲ್ಲದೆ ಚಾಪೆಯ ಮೇಲೆ ಬಿತ್ತು. ಭಾವ ಬಲಗೈಯ ಎರಡು ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತಾ ಯೋಚಿಸಿದರು.

“ಇದು ತೆಳ್ಳಗಿದೆ. ಇದು ಒಂಬತ್ತು” ಎಂದರು.

ಭಾವ ಕಣ್ಣು ಬಿಟ್ಟರು, ಖಾಲಿ ಬೆರಳುಗಳನ್ನು ನೋಡಿದರು, ಕೆಳಗೆ ಬಿದ್ದಿದ್ದ ತಂತಿಯನ್ನು ನೋಡಿದರು. ಕೆಳಗಿನ ಅಂಗಡಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

“ಯಾವಾಗಿಂದ ರೀ?” ಎಂದಳು ಅಕ್ಕ.

“ತುಂಬಾ ದಿನ ಆಯ್ತು. ಮೊದಲು ಬೆರಳ ತುದಿಯಷ್ಟೇ ಮರಗಟ್ಟಿದ್ದು. ಹತ್ತು ಬೆರಳಿಗೆ ಸಿಗ್ತಾ ಇರಲಿಲ್ಲ, ಹನ್ನೊಂದು ಸಿಗ್ತಿತ್ತು. ಆಮೇಲೆ ಅದೂ ಸಿಗಲಿಲ್ಲ, ಹನ್ನೆರಡು ಸಿಕ್ತು. ದಪ್ಪ ಇದ್ರೆ ಬೆರಳಿಗೆ ಗೊತ್ತಾಗುತ್ತೆ ಕಣೇ, ಅದಕ್ಕೇ.” ಮೇಜಿನ ಕಡೆ ತಿರುಗಿ ಕೇಳಿದರು. “ಗಿಟಾರಿನ ಮೇಲೆ ಈಗ ಇರೋದೆಷ್ಟು?”

“ಒಂಬತ್ತು.”

“ನನಗೆ ಹೇಳಬಾರದಿತ್ತಾ?”

“ನೀವು ಹೇಳಬಾರದಿತ್ತಾ?” ಎಂದು ಅಕ್ಕ ಕಿರುಚಿದಳು. ಅವಳು ಹಾಗೆ ಕಿರುಚಿದ್ದನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ. “ನೋವಿದೆ ಅಂತ ಅಂದ್ಕೊಂಡೆ ನಾನು! ನೋವು ಕಡಿಮೆ ಆಗ್ಲಿ ಅಂತ ಮಾಡಿದೆ!”

“ನೋವಿದ್ದಿದ್ರೆ ಎಷ್ಟೋ ಚೆನ್ನಾಗಿತ್ತು” ಎಂದರು ಭಾವ.

ಮಾರನೆಯ ದಿನ ಅಕ್ಕ ಅವರನ್ನು ಎಳೆದುಕೊಂಡೇ ಡಾಕ್ಟರ ಹತ್ತಿರ ಹೋದಳು. ವರ್ಷಗಟ್ಟಲೆ ನಡುಗುವ ಮೆಷಿನ್ ಹಿಡಿದವರಿಗೆ ಹೀಗಾಗುತ್ತದೆ, ಹೋದ ಸ್ಪರ್ಶ ವಾಪಸ್ ಬರುವ ಭರವಸೆ ಕೊಡಲಾರೆ, ಇನ್ನು ಮೆಷಿನ್ ಹಿಡಿಯಬೇಡಿ ಎಂದರಂತೆ. ಆ ಕೈ ದುಡಿದು ತಂದದ್ದನ್ನೇ ಆ ಮನೆ ಉಂಡಿತ್ತು, ಗಿಟಾರ್ ಕೊಂಡದ್ದೂ ಅದರಲ್ಲೇ.

ಶನಿವಾರಕ್ಕೆ ಭಾವ ಹದಿಮೂರೇ ಬೇಕೆಂದರು. ಅಕ್ಕ ಎದುರಾಡಲಿಲ್ಲ. ಸರಳನ್ನು ಬಿಗಿ ಮಾಡಿ, ಒಂದೊಂದು ತಂತಿಯನ್ನೂ ಅವರ ಕಣ್ಣೆದುರೇ ಪೊಟ್ಟಣದಿಂದ ತೆಗೆದು ಹಾಕಿದಳು. ತನ್ನ ಅಂಗಡಿಯಲ್ಲೇ ಮಾಡಿಸಿದ್ದ ಚಾಳೀಸನ್ನು ಅವರ ಜೇಬಿಗಿಟ್ಟಳು. ಅದುವರೆಗೆ ಅವರು ಅದನ್ನು ಮುಟ್ಟಿದವರೇ ಅಲ್ಲ. ಅಂದು ಹಾಲಿನಲ್ಲಿ ಅದನ್ನು ಮೂಗಿಗೇರಿಸಿಕೊಂಡು, ತಮ್ಮ ಬೆರಳುಗಳನ್ನೇ ನೋಡುತ್ತಾ ನುಡಿಸಿದರು. ನುಡಿಸುವಾಗ ಎಂದೂ ಕೈ ನೋಡದಿದ್ದ ಮನುಷ್ಯ, ಹೊಸದಾಗಿ ಕಲಿಯುವವರಂತೆ ತಲೆ ಬಗ್ಗಿಸಿದ್ದರು. ಆದರೂ ಚೆನ್ನಾಗಿಯೇ ಬಂತು. ದಪ್ಪ ತಂತಿ ಅವರ ಬೆರಳಿಗೆ ಅಷ್ಟಿಷ್ಟು ಸಿಗುತ್ತಿತ್ತು, ಶ್ರುತಿ ನಿಂತಿತ್ತು, ದನಿಗೆ ಹಳೆಯ ತೂಕ ಬಂದಿತ್ತು. ಮೊದಲ ಸಾಲಿನ ಮೇಜಿನಲ್ಲಿ ಕೂತಿದ್ದ ಮಾಲೀಕರು ಕಾಲಿನಲ್ಲಿ ತಾಳ ಹಾಕುತ್ತಿದ್ದರು. ನನಗೆ ಆಸೆ ಹುಟ್ಟಿತು.

ಕೊನೆಯ ಹಾಡು ಬಂತು. ನಾವೆಲ್ಲ ಕೈ ನಿಲ್ಲಿಸಿದೆವು. ಭಾವ ಆ ತಂತಿಯನ್ನು ಒತ್ತಿ ಮೇಲಕ್ಕೆ ತಳ್ಳಿದರು. ಸ್ವರ ಅರ್ಧ ದಾರಿ ಏರಿ ಅಲ್ಲೇ ಸಿಕ್ಕಿಹಾಕಿಕೊಂಡಿತು. ಅವರ ಕುತ್ತಿಗೆಯ ನರ ಉಬ್ಬಿತು. ಹದಿಮೂರನ್ನು ಅಷ್ಟು ತಳ್ಳುವ ಶಕ್ತಿ ಆ ಬೆರಳುಗಳಲ್ಲಿ ಉಳಿದಿರಲಿಲ್ಲ. ಇನ್ನೊಂದು ಸಲ ತಳ್ಳಿದರು, ಅದೇ ಜಾಗದಲ್ಲಿ ನಿಂತಿತು. ತೆಳ್ಳಗಿದ್ದರೆ ಸಿಗುವುದಿಲ್ಲ, ದಪ್ಪಗಿದ್ದರೆ ಬಗ್ಗುವುದಿಲ್ಲ. ಅವರ ಕೈಗೆ ಸರಿಹೋಗುವ ತಂತಿ ಇನ್ನು ಯಾವ ಅಂಗಡಿಯಲ್ಲೂ ಇಲ್ಲವೆಂದು ನನಗೆ ಆಗ ಅರ್ಥವಾಯಿತು.

ಕೀಬೋರ್ಡಿನವನು ಗಾಬರಿಯಾಗಿ ಗಿಟಾರಿನ ಸೌಂಡ್ ಹಾಕಿಕೊಂಡು ಆ ಭಾಗವನ್ನು ನುಡಿಸಿಬಿಟ್ಟ. ನಾನು ಭಾವನ ಕಡೆ ತಿರುಗಿದೆ. ಅವರ ಬೆರಳುಗಳು ತಂತಿಯ ಮೇಲೆ ಆಡುತ್ತಿದ್ದವು, ತಲೆಯೂ ತೂಗುತ್ತಿತ್ತು. ಆದರೆ ಗಿಟಾರಿನಿಂದ ಏನೂ ಕೇಳುತ್ತಿರಲಿಲ್ಲ. ವಾಲ್ಯೂಮಿನ ಗುಬುಟನ್ನು ಅವರು ಸೊನ್ನೆಗೆ ತಿರುಗಿಸಿಬಿಟ್ಟಿದ್ದರು. ಹಾಡು ಮುಗಿಯುವವರೆಗೂ ಹಾಗೇ ನುಡಿಸಿದರು.

ಚಪ್ಪಾಳೆ ಬಿತ್ತು. ಮಾಲೀಕರೇ ಎದ್ದು ಬಂದು ಭಾವನ ಕೈ ಕುಲುಕಿದರು. “ಕೊನೇದಂತೂ ಬಹಳ ಚೆನ್ನಾಗಿತ್ತು. ನೀವು ಯಾರೂ ಎಲ್ಲಿಗೂ ಹೋಗೋದು ಬೇಡ” ಎಂದರು.

“ಕೊನೇದನ್ನ ನಾನು ನುಡಿಸಿಲ್ಲ ಸಾರ್” ಎಂದರು ಭಾವ.

ಮಾಲೀಕರು ಅದನ್ನು ವಿನಯ ಎಂದುಕೊಂಡು ನಕ್ಕರು, ಬೆನ್ನು ತಟ್ಟಿ ಹೋದರು. ಭಾವ ವೈರನ್ನು ನೀಟಾಗಿ ಸುರುಳಿ ಸುತ್ತಿದರು, ಗಿಟಾರನ್ನು ಚೀಲಕ್ಕೆ ಹಾಕಿದರು. “ಇನ್ನು ಬರಲ್ಲ ಕಣೋ” ಎಂದು ನನಗೆ ಹೇಳಿದರು. ಬರಲಿಲ್ಲ. ಆ ರಾತ್ರಿ ನಾನು ಹೋಟೆಲಿನ ಮೆಟ್ಟಿಲ ಮೇಲೆ ಕೂತು ಅತ್ತೆ, ಅದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಈಗ ಭಾವ ಅದೇ ಕಾರ್ಖಾನೆಯ ಗೇಟಿನಲ್ಲಿ ಕೂತು ಲಾರಿಗಳನ್ನು ಒಳಗೆ ಹೊರಗೆ ಬಿಡುತ್ತಾರೆ. ಹಾಲಿನಲ್ಲಿ ಆ ಭಾಗವನ್ನು ಕೀಬೋರ್ಡೇ ನುಡಿಸುತ್ತದೆ. ಚಮಚಗಳು ಸುಮ್ಮನಾಗುವುದಿಲ್ಲ. ಗಿಟಾರ್ ಅವರ ಮನೆಯ ಗೋಡೆಯ ಮೇಲಿದೆ. ನುಡಿಸದೆ ಬಿಟ್ಟರೂ ತಂತಿ ತುಕ್ಕು ಹಿಡಿಯುತ್ತದೆ, ಹಾಗಾಗಿ ಅಕ್ಕ ಆಗಾಗ ಅದನ್ನು ಇಳಿಸಿ, ಟವೆಲ್ ಹಾಸಿ, ತಂತಿ ಬದಲಾಯಿಸುತ್ತಾಳೆ. ಯಾರೂ ನುಡಿಸದ ಗಿಟಾರಿಗೆ ಇದೆಲ್ಲ ಯಾಕೆ ಎಂದು ನಾನು ಕೇಳಿಲ್ಲ.

ಮೊನ್ನೆ ಹೋದಾಗ ಅವಳು ಆ ಕೆಲಸದಲ್ಲಿದ್ದಳು. ಭಾವ ಪಕ್ಕದಲ್ಲಿ ಕೂತಿದ್ದರು. ಅವಳು ಪೊಟ್ಟಣದಿಂದ ಎಲ್ಲಕ್ಕಿಂತ ತೆಳ್ಳಗಿನ ತಂತಿಯನ್ನು ತೆಗೆದಳು, ಆದರೆ ಗಿಟಾರಿಗೆ ಹಾಕಲಿಲ್ಲ. ಅದನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು ಗಂಡನ ಮುಖದ ಹತ್ತಿರ ತಂದಳು. ಭಾವ ಮುಂದೆ ಬಾಗಿ, ಕಣ್ಣು ಮುಚ್ಚಿ, ತುಟಿಯನ್ನು ಅದರ ಉದ್ದಕ್ಕೂ ಮೆಲ್ಲಗೆ ಸರಿಸಿದರು. ಮೆಷಿನ್ ಅವರ ತುಟಿಯನ್ನು ಮುಟ್ಟಿರಲಿಲ್ಲ.

“ಹನ್ನೆರಡು” ಎಂದರು. ಪೊಟ್ಟಣದ ಮೇಲೂ ಅದೇ ಇತ್ತು.

“ಹೂಂ, ಹನ್ನೆರಡು” ಎಂದಳು ಅಕ್ಕ. ಆಮೇಲೆ ತಂತಿ ಸುತ್ತಿ, ಶ್ರುತಿ ಕೂಡಿಸಿ, ಗಿಟಾರನ್ನು ಮತ್ತೆ ಗೋಡೆಗೆ ತೂಗುಹಾಕಿದಳು.